ತಂತಿಯ ನಾದವನ್ನು ಸೆರೆಹಿಡಿಯುವುದು ಹೇಗೆ?



ನಿಮ್ಮ ಮನೆಯಲ್ಲಿ ವೀಣೆ ನುಡಿಸುವ ಅಜ್ಜಿಯೊಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಅವರ ವಾದನವನ್ನು ಧ್ವನಿಮುದ್ರಿಸಿ ಇಡಬೇಕೆಂದು ನಿಮಗೆ ಆಸೆ. ಕೈಯಲ್ಲಿ ಮೊಬೈಲ್ ಇದೆ. ಆದರೆ ಮುದ್ರಿಸಿ ಕೇಳಿದರೆ ವೀಣೆಗಿಂತ ಫ್ಯಾನಿನ ಸದ್ದೇ ಮುಂದೆ! ಇದಕ್ಕೇನು ಪರಿಹಾರ?

ಮೊದಲು ವಾದ್ಯದ ಸ್ವಭಾವವನ್ನು ತಿಳಿಯೋಣ. ಪಾಶ್ಚಾತ್ಯರ ಹಾರ್ಪ್‌ನಂತಹ ಬಿಲ್ಲಿನಾಕಾರದ ವಾದ್ಯವನ್ನು ನಮ್ಮ ಪ್ರಾಚೀನರು ವೀಣೆಯೆಂದೇ ಕರೆಯುತ್ತಿದ್ದರು. 4ನೆಯ ಶತಮಾನದ ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅರಸನು ಅದನ್ನು ನುಡಿಸುತ್ತ ಕುಳಿತಿದ್ದಾನೆ. ಇಂದಿನ 24 ಮೆಟ್ಟಿಲುಗಳ ವೀಣೆಯ ರೂಪ ಬೇರೆ. ಆದರೆ ಎರಡರ ಗುಣವೂ ಒಂದೇ. ಮೀಟಿದ ಕ್ಷಣದಲ್ಲಿ ನಾದ ಜೋರಾಗಿರುತ್ತದೆ, ಆಮೇಲೆ ನಿಧಾನವಾಗಿ ಕ್ಷೀಣಿಸುತ್ತದೆ. ಫ್ಯಾನಿನ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಆದ್ದರಿಂದ ನಾದದ ಕೊನೆಯ ಭಾಗ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ನಮ್ಮ ಮಂಗಳೂರಿನಲ್ಲಿ ಈ ತೊಂದರೆ ತುಸು ಹೆಚ್ಚೇ. ಸೆಕೆಗೆ ಫ್ಯಾನ್ ಬೇಕು, ಕಿಟಕಿ ತೆರೆದಿರಬೇಕು. ಜೂನ್ ಬಂತೆಂದರೆ ಹಂಚಿನ ಮಾಡಿನ ಮೇಲೆ ಮಳೆ! 1976ರಲ್ಲಿ ಆರಂಭವಾದ ನಮ್ಮ ಆಕಾಶವಾಣಿಯಂತಹ ನಿಲಯಗಳಲ್ಲಿ ಸದ್ದು ಹೀರುವ ಗೋಡೆಗಳೂ ದಪ್ಪ ಬಾಗಿಲುಗಳೂ ಇರುತ್ತವೆ. ನಮ್ಮ ಮನೆಯಲ್ಲಿ ಅವಿಲ್ಲ. ಹಾಗಾದರೆ ಏನು ಮಾಡಬಹುದು?

ಬೆಳಗಿನ ಜಾವವನ್ನು ಆರಿಸಿಕೊಳ್ಳಿ. ಫ್ಯಾನ್ ನಿಲ್ಲಿಸಿ. ನೆಲಕ್ಕೆ ಚಾಪೆ, ಗೋಡೆಯ ಬದಿಗೆ ದಪ್ಪ ಹೊದಿಕೆ ಇರಲಿ. ಮೈಕನ್ನು ವೀಣೆಯ ಕೊಡದ ಮುಂದೆ ಸುಮಾರು ಒಂದೂವರೆ ಅಡಿ ದೂರದಲ್ಲಿಡಿ. ಮೂರು ಅಡಿಯಲ್ಲಿದ್ದ ಮೈಕನ್ನು ಹೀಗೆ ಅರ್ಧ ದೂರಕ್ಕೆ ತಂದರೆ ವೀಣೆಯ ನೇರ ನಾದ ಸುಮಾರು 6 ಡೆಸಿಬಲ್ ಹೆಚ್ಚುತ್ತದೆ. ಕೋಣೆಯ ಸದ್ದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ತೀರ ಹತ್ತಿರವಿಟ್ಟರೆ ಉಗುರಿನ ಟಕಟಕ ಸದ್ದೇ ದೊಡ್ಡದಾದೀತು.

ಇನ್ನು ಕಂಪ್ಯೂಟರಿನ ಕೆಲಸ. ಸುಮಾರು 40 ಹರ್ಟ್ಜ್‌ಗಿಂತ ಕೆಳಗಿನ ಗುಡುಗನ್ನು ಫಿಲ್ಟರಿನಿಂದ ತೆಗೆಯಬಹುದು. ಆದರೆ ವಿದ್ಯುತ್ತಿನ 50, 100 ಹರ್ಟ್ಜ್‌ಗಳ ಗುಂಯ್‌ಗುಡುವಿಕೆ ವೀಣೆಯ ಮಂದ್ರ ತಂತಿಗಳ ನೆರೆಯಲ್ಲೇ ಇರುತ್ತದೆ. ಅದನ್ನು ಕತ್ತರಿಸಹೊರಟರೆ ನಾದಕ್ಕೂ ಪೆಟ್ಟು ಬೀಳುತ್ತದೆ. ವೈರನ್ನೋ ಚಾರ್ಜರನ್ನೋ ದೂರವಿರಿಸುವುದೇ ಲೇಸು. ಸದ್ದು ತಗ್ಗಿಸುವ ಸಾಧನಕ್ಕೆ ಮಾದರಿ ಬೇಕು. ಅದಕ್ಕಾಗಿ ವಾದನಕ್ಕೆ ಮೊದಲು ಹತ್ತು ಸೆಕೆಂಡು ಮೌನವನ್ನೂ ಮುದ್ರಿಸಿಕೊಳ್ಳಿ. 6 ಡೆಸಿಬಲ್‌ನಷ್ಟು ತಗ್ಗಿಸಿದರೆ ಸಾಕು. ಕಂಪ್ರೆಸರ್ ಮೆಲ್ಲನೆಯ ನಾದದೊಂದಿಗೆ ಸದ್ದನ್ನೂ ಮೇಲೆತ್ತುತ್ತದೆ. ಅದನ್ನು ಮಿತವಾಗಿ ಬಳಸಿ. ರಿವರ್ಬ್ ಅಂದರೆ ಅನುರಣನ, ಅದು ಕೊನೆಗೆ, ಉಪ್ಪಿನಷ್ಟು ಮಾತ್ರ.

ಒಮ್ಮೆ ನಾನು ಹಿರಿಯ ವೈಣಿಕರೊಬ್ಬರ ವಾದನವನ್ನು ಮುದ್ರಿಸಿ, ಸದ್ದೆಲ್ಲವನ್ನೂ ಉಜ್ಜಿ ತೆಗೆದು, ಹೆಮ್ಮೆಯಿಂದ ಕೇಳಿಸಿದೆ. "ಸ್ವರ ಉಂಟು, ಗಮಕ ಎಲ್ಲಿ ಹೋಯ್ತು ಮಾರಾಯ?" ಎಂದು ಅವರು ಕೇಳಿದರು. ವೀಣೆಯಲ್ಲಿ ಒಂದೇ ಮೀಟಿಗೆ ತಂತಿಯನ್ನೆಳೆದು ಹಲವು ಸ್ವರ ನುಡಿಸುತ್ತಾರೆ. ಅವುಗಳಲ್ಲಿ ಕೊನೆಯವು ತೀರ ಮೆಲು. ಯಂತ್ರ ಅವನ್ನೂ ಸದ್ದೆಂದೇ ಎಣಿಸಿ ಅಳಿಸಿಬಿಟ್ಟಿತ್ತು. ಮೂಲಪ್ರತಿ ಉಳಿದಿದ್ದರಿಂದ ನಾನು ಬಚಾವಾದೆ.

ಸದ್ದನ್ನು ತಗ್ಗಿಸುವ ತಂತ್ರಕ್ಕೆ ಹೆಸರಾದ ರೇ ಡಾಲ್ಬಿ 1963ರಿಂದ 1965ರವರೆಗೆ ಯುನೆಸ್ಕೋ ಸಲಹೆಗಾರರಾಗಿ ಭಾರತದಲ್ಲೇ ಇದ್ದವರು. 1965ರಲ್ಲಿ ಲಂಡನ್ನಿನಲ್ಲಿ ಪ್ರಯೋಗಾಲಯ ತೆರೆದ ಅವರ ಮೊದಲ ವಿಧಾನವೂ ಮೆಲುನಾದವನ್ನು ಅಳಿಸುವುದಲ್ಲ; ಮುದ್ರಿಸುವಾಗಲೇ ಅದನ್ನು ಎತ್ತಿ, ಕೇಳಿಸುವಾಗ ಟೇಪಿನ ಸದ್ದಿನೊಂದಿಗೆ ಇಳಿಸುವುದು.

ಆದ್ದರಿಂದ ಮಿತ್ರರೇ, ಮೂಲಪ್ರತಿಯನ್ನು ಎಂದೂ ಅಳಿಸಬೇಡಿ, ತಿದ್ದುವುದೆಲ್ಲ ನಕಲಿನಲ್ಲಿರಲಿ. ತಿದ್ದಿದ್ದನ್ನು ನುಡಿಸಿದವರಿಗೇ ಮೊದಲು ಕೇಳಿಸಿ. ದೂರದಲ್ಲೊಂದು ಕಾಗೆ ಕೂಗಿದ್ದು ಉಳಿದರೆ ಉಳಿಯಲಿ. ಅಜ್ಜಿಯ ಬೆರಳಿನ ಕೊನೆಯ ಗಮಕ ಹೋದರೆ ಅದನ್ನು ಮರಳಿ ತರುವ ಯಂತ್ರವಿಲ್ಲ. ಈ ರಜೆಯಲ್ಲೇ ಪ್ರಯತ್ನಿಸಿ ನೋಡಿ.