ತೂಕ ಇಳಿಸುವ ಆಪರೇಷನ್ ಆದ ಮೇಲೆ



ಈ ದಿನ ನಾವು ಒಂದು ಹೊಸ ವಿಷಯ ಮಾತಾಡೋಣ. ತೂಕ ಇಳಿಸುವ ಆಪರೇಷನ್. ಮೊದಲು ನಮ್ಮ ಕಡೆ ಇದರ ಹೆಸರೇ ಯಾರೂ ಕೇಳಿರಲಿಲ್ಲ. ಈಗ ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಮಾಡಿಸಿಕೊಂಡು ಬರುವವರಿದ್ದಾರೆ. ಸಣ್ಣ ಸಣ್ಣ ತೂತು ಮಾಡಿ ಆಪರೇಷನ್ ಮಾಡುತ್ತಾರೆ. ತೊಂದರೆ ಇಲ್ಲದಿದ್ದರೆ ಮೂರು ನಾಲ್ಕು ದಿನಕ್ಕೆ ಮನೆಗೆ ಕಳಿಸುತ್ತಾರೆ.

ಮನೆಗೆ ಬಂದ ಮೇಲೆ ಏನಾಗುತ್ತದೆ? ನಮಗೆಲ್ಲ ಗೊತ್ತಿರುವ ಆರೈಕೆ ಒಂದೇ. ಅದು ಬಾಣಂತನ. ಹೊಟ್ಟೆ ಕುಯ್ಸಿಕೊಂಡು ಬಂದಿದ್ದಾಳೆ ಅಂದರೆ ಸಾಕು, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ತುಪ್ಪ ಹಾಕು, ಕೊಬ್ಬರಿ ಬೆಲ್ಲ ಕೊಡು. ನೀರು ಜಾಸ್ತಿ ಕುಡೀಬೇಡ, ಮೇಲೇಳಬೇಡ. ಪ್ರೀತಿಯಿಂದಲೇ ಹೇಳುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಈ ಆಪರೇಷನ್ ಆದವರಿಗೆ ಇದೆಲ್ಲ ತಲೆಕೆಳಗು. ಇವರು ನೀರು ಕುಡಿಯಲೇಬೇಕು. ಎದ್ದು ಓಡಾಡಲೇಬೇಕು. ತುಪ್ಪ, ಬೆಲ್ಲ ಬೇಡವೇ ಬೇಡ. (ಬಾಣಂತಿಗೂ ನೀರು ಕೊಡದೆ ಇರುವುದು ತಪ್ಪೇ. ಅದನ್ನು ಇನ್ನೊಂದು ದಿನ ಮಾತಾಡೋಣ.)

ನಾವು ಡಾಕ್ಟರಲ್ಲ. ಶಾಲೆಯಲ್ಲಿ ಪಾಠ ಹೇಳುವವರು. ನಿಮ್ಮ ಡಾಕ್ಟರು ಬರೆದುಕೊಟ್ಟಿದ್ದಕ್ಕೂ ನಮ್ಮ ಮಾತಿಗೂ ವ್ಯತ್ಯಾಸ ಬಂದರೆ ಡಾಕ್ಟರ ಮಾತೇ ಸರಿ.

ಈ ಆಪರೇಷನ್ನಿನಲ್ಲಿ ಏನು ಮಾಡುತ್ತಾರೆ? ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ. ಇನ್ನೊಂದರಲ್ಲಿ ಮೊಟ್ಟೆ ಗಾತ್ರದ ಸಣ್ಣ ಚೀಲ ಮಾಡುತ್ತಾರೆ. ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಇದಕ್ಕೆ ಬೈಪಾಸ್ ಅನ್ನುತ್ತಾರೆ. ಎರಡರಲ್ಲೂ ಸ್ವಲ್ಪ ತಿಂದರೆ ಹೊಟ್ಟೆ ತುಂಬುತ್ತದೆ. ತುಂಬಾ ದಪ್ಪವಿದ್ದು, ಸಕ್ಕರೆ ಕಾಯಿಲೆ, ಬಿಪಿ, ಉಸಿರಾಟದ ತೊಂದರೆ ಇರುವವರಿಗೆ ಹೆಚ್ಚಾಗಿ ಇದನ್ನು ಮಾಡುತ್ತಾರೆ. ಚೆಂದ ಕಾಣಲಿ ಅಂತ ಮಾಡುವುದಲ್ಲ.

ಚರ್ಮದ ಕೆಳಗಿನ ಕೊಬ್ಬು ತೆಗೆಸುವುದು ಬೇರೆ, ಇದು ಬೇರೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಚಿಕಿತ್ಸೆಯ ನಂತರ ತೀರಿಕೊಂಡರು. ಅವರಿಗೆ ಆಗ 21 ವರ್ಷ. ಆ ಸುದ್ದಿಯನ್ನು ಟಿವಿಯಲ್ಲಿ ನೋಡಿದವರು ಎರಡೂ ಒಂದೇ ಅಂದುಕೊಂಡಿದ್ದಾರೆ. ಒಂದೇ ಅಲ್ಲ. ಆದರೆ ಯಾವ ಆಪರೇಷನ್ನೂ ಸುಲಭದ್ದಲ್ಲ ಅನ್ನುವುದು ನಿಜ.

ಈಗ ಮೊದಲ ದಿನಗಳ ಮಾತು. ಹೊಟ್ಟೆ ನೋಯುತ್ತದೆ. ಭುಜವೂ ನೋಯಬಹುದು. ಕುಯ್ದದ್ದು ಹೊಟ್ಟೆ, ಭುಜ ಯಾಕೆ ನೋಯುತ್ತದೆ ಅಂತ ಹೆದರಬೇಡಿ. ಆಪರೇಷನ್ ಮಾಡುವಾಗ ಹೊಟ್ಟೆಗೆ ಗಾಳಿ ತುಂಬಿರುತ್ತಾರೆ, ಅದರ ನೋವು. ನಡೆದಾಡಿದರೆ ಕೆಲವು ದಿನದಲ್ಲಿ ಹೋಗುತ್ತದೆ. ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಅದೇ ದಿನ ಇಲ್ಲವೇ ಮಾರನೇ ದಿನ ಎಬ್ಬಿಸಿ ನಡೆಸುತ್ತಾರೆ. ಮನೆಯಲ್ಲಿ ಜಗುಲಿಯಿಂದ ಹಿತ್ತಲಿಗೆ, ಹಿತ್ತಲಿಂದ ಜಗುಲಿಗೆ ನಡೆಯಿರಿ. ಮಾಲೇಕಲ್ಲು ತಿರುಪತಿಯ ಮೆಟ್ಟಿಲು ಆಮೇಲೆ ಹತ್ತೋಣ.

ನಡೆಯಬೇಕು, ಭಾರ ಎತ್ತಬಾರದು. ನೀರು ತುಂಬಿದ ಕೊಡ 15 ಕಿಲೋ ತೂಗುತ್ತದೆ. ಒಂದು ಒಂದೂವರೆ ತಿಂಗಳು ಕೊಡ, ಹುಲ್ಲಿನ ಹೊರೆ, ತೆಂಗಿನಕಾಯಿ ಮೂಟೆ ಮುಟ್ಟಬೇಡಿ. ನಡೆದಾಡೋಕೆ ಆಗುತ್ತೆ, ನೀರು ತರೋಕೆ ಆಗಲ್ವಾ ಅಂತ ಯಾರಾದರೂ ಅಂದಾರು. ಆಗಲ್ಲ ಅಂತ ಹೇಳಿ.

ಊಟದ ಮಾತೇ ದೊಡ್ಡ ಮಾತು. ಮೊದಲ ಎರಡು ವಾರ ಬರೀ ನೀರಾದ ಪದಾರ್ಥ. ನೀರು, ತೆಳು ಮಜ್ಜಿಗೆ, ಸೋಸಿದ ಬೇಳೆ ಕಟ್ಟು, ಕೆನೆ ತೆಗೆದ ಹಾಲು. ಅದನ್ನೂ ಗಟಗಟ ಕುಡಿಯುವ ಹಾಗಿಲ್ಲ. ಒಂದು ಸಲಕ್ಕೆ 30 ಮಿಲಿಲೀಟರ್. ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳ ನೋಡಿ. ಒಳಗೆ 10 ಅಂತ ಗೆರೆ ಇರುತ್ತದೆ. ಅಂಥ ಮೂರು ಮುಚ್ಚಳ. ಕಾಲು ಗಂಟೆ ಬಿಟ್ಟು ಮತ್ತೆ ಮೂರು ಮುಚ್ಚಳ. ಹೀಗೇ ಗುಟುಕು ಗುಟುಕಾಗಿ ಹೆಚ್ಚಿಸುತ್ತಾ ದಿನಕ್ಕೆ ಒಂದೂವರೆ ಲೀಟರಿಗೆ ಬರಬೇಕು. ಇದಕ್ಕೆ ತಾಳ್ಮೆ ಬೇಕು. ಕೈಯಲ್ಲಿ ಲೋಟ ಹಿಡಿದು ಕೂರುವುದೇ ಆಗ ಅವರ ಕೆಲಸ. ಸುಮ್ಮನೆ ಕೂತಿದ್ದಾಳೆ ಅನ್ನಬೇಡಿ.

ಆಮೇಲೆ ಎರಡು ವಾರ ಕಿವುಚಿದ ಮೆತ್ತನೆ ಆಹಾರ. ಚೆನ್ನಾಗಿ ಬೆಂದ ಬೇಳೆ, ಮೊಸರು, ಮೊಟ್ಟೆ ತಿನ್ನುವವರಿಗೆ ಮೆತ್ತಗೆ ಬೆಂದ ಮೊಟ್ಟೆ. ಎರಡು ಮೂರು ಚಮಚಕ್ಕೇ ಸಾಕು ಅನ್ನಿಸುತ್ತದೆ. ನಿಲ್ಲಿಸಿಬಿಡಿ. ಇನ್ನೊಂದು ತುತ್ತು ತಿನ್ನವ್ವ ಅಂತ ಒತ್ತಾಯ ಮಾಡಿದರೆ ವಾಂತಿಯಾಗುತ್ತದೆ. ಸುಮಾರು ಎರಡು ತಿಂಗಳಿಗೆ ಮನೆಯವರು ತಿನ್ನುವುದನ್ನೇ ಸ್ವಲ್ಪ ಸ್ವಲ್ಪ ತಿನ್ನಬಹುದು.

ಆದರೆ ಮುದ್ದೆ? ನಮ್ಮ ಹಾಸನದ ಕಡೆ ಮುದ್ದೆಯನ್ನು ಅಗಿಯುವವರುಂಟೇ? ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಈ ಆಪರೇಷನ್ ಆದವರು ಏನನ್ನೂ ನುಂಗುವ ಹಾಗಿಲ್ಲ. ಒಂದೊಂದು ತುತ್ತನ್ನೂ 20, 30 ಸಲ ಅಗಿಯಬೇಕು. ಮುದ್ದೆ ನುಂಗಿದರೆ ಸಣ್ಣ ಹೊಟ್ಟೆಯ ಬಾಯಲ್ಲಿ ಸಿಕ್ಕಿಕೊಂಡು ಎದೆ ಹಿಡಿದ ಹಾಗಾಗುತ್ತದೆ. ರಾಗಿ ಬಿಡಬೇಕಾಗಿಲ್ಲ. ತೆಳುವಾಗಿ ಅಂಬಲಿ ಮಾಡಿ, ಯಾವಾಗಿನಿಂದ ಅಂತ ಡಾಕ್ಟರನ್ನು ಕೇಳಿ ಕೊಡಿ. ಊಟದ ಜೊತೆ ನೀರು ಬೇಡ. ಉಂಡು ಅರ್ಧ ಗಂಟೆ ಕಳೆದ ಮೇಲೆ ಕುಡಿಯಿರಿ.

ಹೊಟ್ಟೆಯಲ್ಲಿ ಜಾಗ ಕಮ್ಮಿ. ಆದ್ದರಿಂದ ಮೊದಲು ಪ್ರೋಟೀನ್ ಇರುವುದನ್ನು ತಿನ್ನಬೇಕು. ದಿನಕ್ಕೆ ಸುಮಾರು 60 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಲೆಕ್ಕ ನೀವೇ ಹಾಕಿ. ಅದಕ್ಕೇ ಮೊದಮೊದಲು ಪುಡಿ ಬರೆದುಕೊಡುತ್ತಾರೆ. ಅದನ್ನು ಮಕ್ಕಳಿಗೆ ಹಂಚಬೇಡಿ.

ಹಬ್ಬ ಬಂತು, ಹೋಳಿಗೆ ಮಾಡಿದಿರಿ, ಒಂದು ತಿನ್ನು ಅಂದಿರಿ. ಮುಖ್ಯವಾಗಿ ಬೈಪಾಸ್ ಆದವರಿಗೆ ಸಿಹಿ ತಿಂದ ಸ್ವಲ್ಪ ಹೊತ್ತಿಗೆ ಎದೆ ಢವಢವ, ಬೆವರು, ತಲೆಸುತ್ತು, ಭೇದಿ. ಸಿಹಿ ಬೇಗ ಕರುಳಿಗೆ ಇಳಿದುಬಿಡುವುದರಿಂದ ಹೀಗಾಗುತ್ತದೆ. ಯಾರ ಕಣ್ಣೂ ತಾಗಿರುವುದಿಲ್ಲ.

ಮೂರನೇ ತಿಂಗಳಿನಿಂದ ಕೂದಲು ಉದುರಬಹುದು. ಬಾಚಣಿಗೆ ತುಂಬಾ ಬರುತ್ತದೆ. ಜಡೆ ಬಾಲದ ಹಾಗಾಯಿತು ಅಂತ ಅಳುವವರುಂಟು. ದೇಹ ಬೇಗ ಸೊರಗಿದಾಗ ಹೀಗಾಗುತ್ತದೆ. ಊಟ, ಮಾತ್ರೆ ಸರಿಯಾಗಿದ್ದರೆ ಕೆಲವು ತಿಂಗಳಲ್ಲಿ ಮತ್ತೆ ಬರುತ್ತದೆ. ತೋಳು, ಹೊಟ್ಟೆಯ ಚರ್ಮ ಜೋತು ಬೀಳುತ್ತದೆ. ಅದು ಪೂರ್ತಿ ಸರಿಹೋಗುವುದು ಕಷ್ಟ. ತೂಕ ಮೊದಲ ಆರು ತಿಂಗಳು ಬೇಗ ಇಳಿಯುತ್ತದೆ. ಒಂದು ವರ್ಷ, ಒಂದೂವರೆ ವರ್ಷಕ್ಕೆ ನಿಲ್ಲುತ್ತದೆ. 100 ಕಿಲೋ ಇದ್ದವರು 70, 75ಕ್ಕೆ ಬಂದರೆ ಆಪರೇಷನ್ ಚೆನ್ನಾಗಿ ಕೆಲಸ ಮಾಡಿದೆ ಅಂತಲೇ ಲೆಕ್ಕ. ಮಧ್ಯೆ ಎರಡು ಮೂರು ವಾರ ಇಳಿಯದೆ ಇರುವುದೂ ಉಂಟು.

ಇನ್ನೊಂದು ಮಾತು. ಇದನ್ನು ಗಂಡಸರ ಮುಂದೆ ಯಾರೂ ಹೇಳುವುದಿಲ್ಲ, ಅದಕ್ಕೇ ನಾವು ಹೇಳುತ್ತೇವೆ. ತೂಕ ಇಳಿದ ಹಾಗೆ, ಮುಟ್ಟು ಏರುಪೇರಾಗಿದ್ದವರಿಗೆ ಸರಿಹೋಗಬಹುದು. ಮಕ್ಕಳಾಗದಿದ್ದವರಿಗೂ ಗರ್ಭ ನಿಲ್ಲಬಹುದು. ಆದರೆ ಆಪರೇಷನ್ ಆಗಿ ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು. ತಾಯಿಗೇ ಪೋಷಣೆ ಸಾಲದು, ಇನ್ನು ಮಗುವಿಗೆ ಎಲ್ಲಿಂದ? ಬೈಪಾಸ್ ಆದವರಿಗೆ ಮಾಲಾ-ಡಿಯಂಥ ಮಾತ್ರೆ ಮೈಗೆ ಸರಿಯಾಗಿ ಹತ್ತದೆ ಹೋಗಬಹುದು. ಕಾಪರ್-ಟಿ ಹಾಕಿಸಬಹುದೇ ಅಂತ ಕೇಳಿ. ಗಂಡನಿಗೂ ಹೇಳಿ.

ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ, ಬಿ-12. ಈ ಮಾತ್ರೆಗಳು ಜೀವನಪೂರ್ತಿ. ಚೆನ್ನಾಗಿದ್ದೇನೆ ಅಂತ ಬಿಟ್ಟವರಿಗೆ ತಿಂಗಳುಗಳು ಕಳೆದ ಮೇಲೆ ಸುಸ್ತು, ಪಾದದಲ್ಲಿ ಜೋಮು ಬರುತ್ತದೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಬಿಡಿ. ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಬೆಳಿಗ್ಗೆಗೆ ‘ಕ’, ರಾತ್ರಿಗೆ ‘ಕ್ಯಾ’ ಅಂತ ಬರೆದು ಗುರುತು ಹಾಕುತ್ತಾರೆ. ಒಳ್ಳೆಯ ಉಪಾಯ.

ಸಕ್ಕರೆ ಕಾಯಿಲೆ ಮಾತ್ರೆ ಮೊದಲಿನಷ್ಟೇ ತೆಗೆದುಕೊಂಡರೆ ಸಕ್ಕರೆ ತೀರಾ ಇಳಿಯಬಹುದು. ಎಷ್ಟು ಕಡಿಮೆ ಮಾಡಬೇಕು ಅಂತ ಡಾಕ್ಟರು ಹೇಳಬೇಕು, ನಾವೇ ನಿಲ್ಲಿಸಬಾರದು. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ಬೇಡ. ಹೊಟ್ಟೆಯ ಹೊಲಿಗೆ ಜಾಗದಲ್ಲಿ ಹುಣ್ಣಾಗುತ್ತದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪೂ ಹಾಗೇ. ಇದು ಕೆಲವರಿಗೆ ಮುದ್ದೆ ಬಿಡುವುದಕ್ಕಿಂತ ಕಷ್ಟ, ನಮಗೆ ಗೊತ್ತು.

ಯಾವಾಗ ಕಾಯಬಾರದು? ಎದೆ ಬಡಿತ ನಿಮಿಷಕ್ಕೆ 120 ದಾಟಿದರೆ. ಚಳಿಜ್ವರ ಬಂದರೆ. ಹೊಟ್ಟೆನೋವು ಜಾಸ್ತಿಯಾಗುತ್ತಾ ಹೋದರೆ. ಉಸಿರು ಕಟ್ಟಿದರೆ. ಒಂದೇ ಕಾಲು ಊದಿ ನೋಯುತ್ತಿದ್ದರೆ. ಮಲ ಟಾರಿನ ಹಾಗೆ ಕಪ್ಪಾಗಿ ಅಂಟಂಟಾಗಿದ್ದರೆ. ನೀರು ಕೂಡ ನಿಲ್ಲದೆ ವಾಂತಿಯಾದರೆ. ದಿನಗಟ್ಟಲೆ ವಾಂತಿಯಾಗಿ ನಡಿಗೆ ತೂರಾಡಿದರೆ, ಒಂದು ವಸ್ತು ಎರಡಾಗಿ ಕಂಡರೆ. ಆಗ ಕಷಾಯ ಕುಡಿಸುತ್ತಾ ಕೂರಬೇಡಿ, ಬೆಂಗಳೂರಿನ ರೈಲಿಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಹತ್ತಿರದ ಆಸ್ಪತ್ರೆಗೆ ಹೋಗಿ, ಯಾವ ಆಪರೇಷನ್, ಯಾವತ್ತು ಆಯಿತು ಅಂತ ಮೊದಲೇ ಹೇಳಿ. ಬಿಡುಗಡೆ ಚೀಟಿಯಲ್ಲಿ ಅದು ಬರೆದಿರುತ್ತದೆ. ಆಪರೇಷನ್ ಮಾಡಿದವರ ಫೋನ್ ನಂಬರನ್ನೂ ಅದರ ಹಿಂದೆ ದಪ್ಪಕ್ಷರದಲ್ಲಿ ಬರೆದು, ಎಲ್ಲರಿಗೂ ಸಿಗುವ ಕಡೆ ಇಡಿ. ಬೀರುವಿನೊಳಗೆ ಸೀರೆ ಕೆಳಗೆ ಬೇಡ.

ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ಪ್ರತಿ ವರ್ಷ ರಕ್ತ ಪರೀಕ್ಷೆ ಮಾಡಿಸಬೇಕು. ಪ್ರತಿ ಸಲ ಬೆಂಗಳೂರಿಗೇ ಹೋಗಬೇಕಾ, ಹಾಸನದಲ್ಲಿ ರಕ್ತ ಕೊಟ್ಟು ವರದಿಯನ್ನು ಫೋನಿನಲ್ಲಿ ಕಳಿಸಬಹುದಾ ಅಂತ ಮನೆಗೆ ಕಳಿಸುವ ದಿನವೇ ಕೇಳಿಕೊಂಡು ಬನ್ನಿ.