ಬ್ಯಾರನ್ ಮನೆಯ ಜಗಲಿಯಲ್ಲಿ ಕೂತ ಮಗು

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗೆ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಕಾಯಬೇಕು. ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಉರಿ ನೋಡುವುದು ಎಂದು ಮನೆಮಂದಿಗೆಲ್ಲ ಕೆಲಸ. ಕೆ.ಆರ್. ನಗರದ ಗದ್ದೆ ಬಯಲಲ್ಲಿ ನಾಟಿಯ ಕಾಲವೂ ಹೀಗೆಯೇ. ಮೂರು ವರ್ಷ ತುಂಬಿದರೂ ಮಾತಾಡದ, ಕರೆದರೆ ತಿರುಗದ ಮಗು ಆಗ ಜಗಲಿಯ ಮೂಲೆಯಲ್ಲಿ ತನ್ನ ಪಾಡಿಗೆ ಕೂತಿದ್ದರೆ ಯಾರಿಗೂ ತೊಂದರೆಯಿಲ್ಲ. ತೊಂದರೆ ಕೊಡದ ಮಗುವಿನ ಪಾಲಿಗೆ ಮಾತೂ ಕಡಿಮೆ. "ಅವರಪ್ಪನಿಗೂ ಮಾತು ತಡವಾಗೇ ಬಂತು" ಎಂಬ ಸಮಾಧಾನದಲ್ಲಿ ಇನ್ನೆರಡು ವರ್ಷ ಉರುಳುತ್ತವೆ. ಈ ತಾಲ್ಲೂಕುಗಳ ಆಟಿಸಂ ಮಕ್ಕಳ ಬುದ್ಧಿಶಕ್ತಿ ಕುರಿತ ಯಾವುದೇ ವಿಚಾರ ಸಂಕಿರಣ ಹೊರಡಬೇಕಾದದ್ದು ಆ ಜಗಲಿಯಿಂದ.

ಮೊದಲು ಹಳೆಯ ಅಪವಾದವೊಂದನ್ನು ಹೊಸಿಲಾಚೆ ಇಡಬೇಕು. ತಾಯಿಯ ಮಮತೆ ಸಾಲದ್ದರಿಂದ ಆಟಿಸಂ ಬರುತ್ತದೆಂದು ಮನೋವಿಜ್ಞಾನಿ ಬ್ರೂನೊ ಬೆಟೆಲ್‌ಹೈಮ್ 1967ರಲ್ಲಿ ಪುಸ್ತಕವನ್ನೇ ಬರೆದರು. ಮನೋವೈದ್ಯರಾದ ಸೂಸನ್ ಫೋಲ್‌ಸ್ಟೈನ್, ಮೈಕೆಲ್ ರಟರ್ 1977ರಲ್ಲಿ 21 ಜೋಡಿ ಅವಳಿಗಳನ್ನು ಪರೀಕ್ಷಿಸಿ, ಆಟಿಸಂನ ಬೇರು ವಂಶವಾಹಿಯಲ್ಲಿದೆಯೆಂದು ತೋರಿಸಿದರು. ಎಷ್ಟೋ ಅತ್ತೆಯರಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ; ತಪ್ಪು ಇವತ್ತಿಗೂ ಸೊಸೆಯದೇ.

ಅದೇ ರಟರ್ ಮುಂದೆ ಇನ್ನೊಂದು ಮಗ್ಗುಲನ್ನೂ ಕಂಡರು. 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಬಿದ್ದ ಮೇಲೆ ರುಮೇನಿಯಾದ ಅನಾಥಾಲಯಗಳಿಂದ ಇಂಗ್ಲೆಂಡಿಗೆ ದತ್ತು ಬಂದ ಮಕ್ಕಳಲ್ಲಿ ಕೆಲವರ ನಡವಳಿಕೆ ಆಟಿಸಂನಂತೆಯೇ ಇತ್ತು. ಆರು ತಿಂಗಳೊಳಗೆ ಹೊರಬಂದವರು ಬಹುಮಟ್ಟಿಗೆ ಚೇತರಿಸಿಕೊಂಡರು; ಅದಕ್ಕಿಂತ ಹೆಚ್ಚು ಕಾಲ ತೊಟ್ಟಿಲಲ್ಲೇ ಉಳಿದವರಲ್ಲಿ ಅನೇಕರ ಕಲಿಕೆ ಹಿಂದೆ ಬಿತ್ತು.

ನಮ್ಮ ಬ್ಯಾರನ್ ಮನೆಯಾಗಲಿ, ಕಾಡಂಚಿನ ಹಾಡಿಯ ಗುಡಿಸಲಾಗಲಿ ಆ ಅನಾಥಾಲಯವಲ್ಲ. ಅಲ್ಲಿ ಅಜ್ಜಿಯ ಮಡಿಲಿದೆ, ಕೋಳಿ ಮರಿಗಳಿವೆ. ಇಲ್ಲದ್ದು ಬಿಡುವು: ಮಗುವಿನ ಕಣ್ಣು ಹೋದ ಕಡೆ ತಾವೂ ನೋಡಿ, ಅದು ಹಿಡಿದದ್ದರ ಹೆಸರು ಹೇಳಿ, ಮರುಸನ್ನೆಗೆ ಕಾಯುವಷ್ಟು ಹೊತ್ತು ದೊಡ್ಡವರಿಗೆ ಇರುವುದಿಲ್ಲ. ಅಷ್ಟನ್ನು ಕಲಿಸಿಕೊಡಬಲ್ಲ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ, ನಿಜ. ಆದರೆ ಪಿರಿಯಾಪಟ್ಟಣದಿಂದ ಅದು ಸುಮಾರು 70 ಕಿ.ಮೀ.; ವಾರಕ್ಕೆ ಎರಡು ಸಲ ಹೋಗಿಬಂದರೆ ಎರಡು ದಿನದ ಕೂಲಿ ಹೋಯಿತು.

ಇನ್ನು ಬುದ್ಧಿಯ ಅಳತೆಗೋಲು. ವಿ.ವಿ. ಕಾಮತರು 1930ರ ದಶಕದಲ್ಲಿ ಧಾರವಾಡದ ಕಡೆಯ ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದ ಬಿನೆ–ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದರ ಬಹುಪಾಲು ಪ್ರಶ್ನೆಗಳಿಗೆ ಮಾತು ಬೇಕು. ಎಚ್.ಡಿ. ಕೋಟೆ ಕಾಡಂಚಿನ ಜೇನುಕುರುಬರ ಮಗುವಿಗೆ ಮನೆಮಾತೇ ಬೇರೆ. ಆಟಿಸಂ ಕೂಡಿಕೊಂಡರೆ ಆ ಪರೀಕ್ಷೆ ಅಳೆಯುವುದು ಬುದ್ಧಿಯನ್ನೋ ಮೌನವನ್ನೋ? ಮಿಷೆಲ್ ಡಾಸನ್, ಲಾರೆಂಟ್ ಮೊಟ್ರಾನ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 38 ಆಟಿಸಂ ಮಕ್ಕಳು, ಮಾತಿನ ಹಂಗಿಲ್ಲದ ರೇವನ್ ಚಿತ್ರಪರೀಕ್ಷೆಯಲ್ಲಿ, ಮಾತನ್ನೂ ಬೇಡುವ ವೆಕ್ಸ್ಲರ್ ಬುದ್ಧಿಪರೀಕ್ಷೆಗಿಂತ ಸರಾಸರಿ 30 ಪರ್ಸೆಂಟೈಲ್ ಮೇಲಿದ್ದರು. ಮಕ್ಕಳು ಅವರೇ, ಬದಲಾದದ್ದು ಪ್ರಶ್ನೆಪತ್ರಿಕೆ.

ಹಾಗಾಗಿ ಅಂಥ ಸಂಕಿರಣದ ಮುಂದಿನ ಮೊದಲ ಕೆಲಸ ಒಂದು ನಮೂನೆ ತಯಾರಿಸುವುದು. ಅಂಕದ ಪಕ್ಕದಲ್ಲೇ ಅದು ಇಷ್ಟನ್ನು ಕೇಳಲಿ: ಈ ಮಗುವಿನ ಜೊತೆ ದಿನಕ್ಕೆ ಯಾರು, ಯಾವ ಭಾಷೆಯಲ್ಲಿ, ಎಷ್ಟು ಹೊತ್ತು ಮಾತಾಡುತ್ತಾರೆ? ಬ್ಯಾರನ್ ಉರಿಯುವ ತಿಂಗಳುಗಳಲ್ಲಿ ಎಷ್ಟು ಹೊತ್ತು?