ಈಜುಕೊಳದ ಬೇಲಿಗೂ ಒಂದು ಪರೀಕ್ಷೆ

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿ, ಎಲ್ಲಿಯ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದರೂ "ಮಗಳು ಸಿಡ್ನಿಯಲ್ಲಿದ್ದಾಳೆ, ಮಗ ಮೆಲ್ಬರ್ನಿನಲ್ಲಿ" ಎನ್ನುವ ಮಾತು ಕಿವಿಗೆ ಬೀಳುತ್ತದೆ. ಮೊಮ್ಮಗು ಹುಟ್ಟಿದಾಗ ಅಜ್ಜ ಅಜ್ಜಿ ಕೆಲವು ತಿಂಗಳ ಮಟ್ಟಿಗೆಂದು ಹೊರಡುತ್ತಾರೆ. ಅಲ್ಲಿ ಮನೆಯ ಹಿತ್ತಲಲ್ಲಿ ಈಜುಕೊಳ ಇರುವುದು ದೊಡ್ಡ ಶ್ರೀಮಂತಿಕೆಯ ಸಂಗತಿಯೇನೂ ಅಲ್ಲ. ನಮ್ಮ ಕಡೆ ಹಿತ್ತಲಲ್ಲಿ ಬಾವಿ ಇದ್ದ ಹಾಗೆ ಅಂದುಕೊಳ್ಳಿ. ಇವತ್ತು ನಾನು ಮಾತಾಡುವುದು ಆ ಕೊಳದ ಬಗ್ಗೆ ಅಲ್ಲ, ಅದರ ಸುತ್ತಲಿನ ಬೇಲಿಯ ಬಗ್ಗೆ.

ಮಗು ನೀರಿಗೆ ಬಿದ್ದರೆ ಕೂಗುತ್ತದೆ, ಕೈಕಾಲು ಬಡಿಯುತ್ತದೆ, ನಾವು ಓಡಿ ಹೋಗಿ ಎತ್ತುತ್ತೇವೆ ಎಂದು ನಾವೆಲ್ಲ ನಂಬಿದ್ದೇವೆ. ಸಿನಿಮಾದಲ್ಲಿ ಹಾಗೆ ಆಗುತ್ತದೆ. ನಿಜದಲ್ಲಿ ಎರಡು ಮೂರು ವರ್ಷದ ಮಗು ಸದ್ದಿಲ್ಲದೆ ಮುಳುಗುತ್ತದೆ. ಪಕ್ಕದ ಕೋಣೆಯಲ್ಲಿದ್ದವರಿಗೂ ಕೇಳಿಸುವುದಿಲ್ಲ. ಫೋನಿನಲ್ಲಿ ಮಾತಾಡಿ ಮುಗಿಸುವಷ್ಟು ಹೊತ್ತು ಸಾಕು. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು, ಅವರಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿ ಹೇಳುತ್ತದೆ. ಯಾವ ತಾಯಿಯೂ ಇಡೀ ದಿನ ಕಣ್ಣು ಮಿಟುಕಿಸದೆ ಕೂರಲಾರಳು. ಆ ಕಣ್ಣು ತಪ್ಪಿದ ನಾಲ್ಕು ನಿಮಿಷಕ್ಕಾಗಿ ಬೇಲಿ.

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇದಕ್ಕೆಂದೇ 1992ರ ಈಜುಕೊಳ ಕಾಯಿದೆ ಇದೆ. ಅಳತೆಗಳನ್ನು ಕೇಳಿ. ಬೇಲಿಯ ಎತ್ತರ ಕಡಿಮೆಯೆಂದರೆ 1.2 ಮೀಟರ್. ಕಂಬಿಗಳ ನಡುವಿನ ಸಂದು 100 ಮಿಲಿಮೀಟರ್ ಮೀರಬಾರದು, ಬೇಲಿಯ ಕೆಳಗಿನ ಸಂದೂ ಅಷ್ಟೇ. ಮಗು ನುಸುಳಬಾರದು ಎಂಬ ಲೆಕ್ಕ. ಗೇಟು ಕೊಳದ ಕಡೆಗೆ ತೆರೆಯಬಾರದು, ಹೊರಕ್ಕೇ ತೆರೆಯಬೇಕು. ಮಗು ದೂಡಿದರೂ ಅದು ಮುಚ್ಚುವ ಕಡೆಗೇ ಹೋಗಲಿ ಎಂದು. ಚಿಲಕ ನೆಲದಿಂದ 1.5 ಮೀಟರ್ ಎತ್ತರದಲ್ಲಿರಬೇಕು, ಇಲ್ಲವೆ ಮಗುವಿನ ಕೈಗೆ ಸಿಗದಂತೆ ಅದಕ್ಕೆ ಮರೆ ಇರಬೇಕು. ಇನ್ನು ಬೇಲಿಯ ಹೊರಗಡೆ 900 ಮಿಲಿಮೀಟರಿನ ಒಳಗೆ ಹತ್ತಲು ಬರುವಂಥ ಯಾವ ವಸ್ತುವೂ ಇರಕೂಡದು. ಕುರ್ಚಿ, ಹೂಕುಂಡ, ಆಟದ ಸೈಕಲ್ಲು, ಬಾಗಿದ ಮರದ ಕೊಂಬೆ, ಯಾವುದೂ.

ಮನೆಯ ಗೋಡೆಯನ್ನೇ ಬೇಲಿಯ ನಾಲ್ಕನೆಯ ಬದಿಯೆಂದು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಹಿಂದೆ ಇತ್ತು. ಮನೆಯ ಬಾಗಿಲು ನೇರ ಕೊಳಕ್ಕೇ ತೆರೆದರೆ ಬೇಲಿ ಇದ್ದೂ ಇಲ್ಲದಂತೆ. ಈಗ ಅಲ್ಲಿ ಹೊಸದಾಗಿ ಕಟ್ಟುವ ಕೊಳಕ್ಕೆ ಮನೆಯಿಂದಲೂ ಬೇರ್ಪಡಿಸಿ ಬೇಲಿ ಹಾಕಬೇಕು. ಹಳೆಯ ಕೊಳಗಳಿಗೆ ಅವು ಕಟ್ಟಿದ ಕಾಲದ ನಿಯಮ ಇನ್ನೂ ನಡೆಯುತ್ತದೆ. ಆದ್ದರಿಂದ ಪಕ್ಕದ ಮನೆಯದು ಹಾಗಿದೆ, ನಮ್ಮದೂ ಹಾಗೇ ಇರಲಿ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ತಪಾಸಣೆ ಹೇಗೆ ನಡೆಯುತ್ತದೆ ಎಂಬುದನ್ನು ಮಗಳ ಬಾಡಿಗೆ ಮನೆಯಲ್ಲಿ ಕಣ್ಣಾರೆ ನೋಡಿದೆ. ಕೊಳ ಇರುವ ಮನೆಯನ್ನು ಮಾರಬೇಕಾದರೂ ಬಾಡಿಗೆಗೆ ಕೊಡಬೇಕಾದರೂ 2016ರ ಏಪ್ರಿಲ್ 29ರಿಂದ ಕೊಳದ ಪ್ರಮಾಣಪತ್ರ ಬೇಕು. ಅದರ ಆಯುಷ್ಯ ಮೂರು ವರ್ಷ. ಅವಧಿ ಮುಗಿದಿದ್ದರಿಂದ ಹೊಸ ಕರಾರಿಗೆ ಮುಂಚೆ ಮನೆಯ ಮಾಲಿಕರು ಪರೀಕ್ಷಕರನ್ನು ಕರೆಸಿದ್ದರು. ಬಂದವರು ಒಂದು ಟೇಪು ಹಿಡಿದು ಬೇಲಿಯ ಸುತ್ತ ಬಂದರು. ಆಮೇಲೆ ಗೇಟಿನ ಹತ್ತಿರವೇ ಬಹಳ ಹೊತ್ತು ನಿಂತರು. ಪೂರ್ತಿ ತೆರೆದು ಕೈ ಬಿಟ್ಟರು, ಅರ್ಧ ತೆರೆದು ಬಿಟ್ಟರು, ಕೊನೆಗೆ ಒಂದು ಬೆರಳು ತೂರುವಷ್ಟು ಮಾತ್ರ ತೆರೆದು ಬಿಟ್ಟರು. ಮೊದಲ ಎರಡು ಸಲ ಗೇಟು ತಾನಾಗಿ ಬಂದು ಕಟಕ್ಕೆಂದು ಬಿತ್ತು. ಮೂರನೆಯ ಸಲ ಚಿಲಕಕ್ಕೆ ತಾಗಿ ಅಲ್ಲೇ ನಿಂತಿತು. ಅಷ್ಟಕ್ಕೇ ನಪಾಸು! ಹಿಂದಿನ ಬಾಡಿಗೆದಾರರು ಬೇಲಿಯ ಬುಡದಲ್ಲಿ ಬಿಟ್ಟು ಹೋಗಿದ್ದ ಒಂದು ದೊಡ್ಡ ಕುಂಡವೂ ಪಟ್ಟಿಗೆ ಸೇರಿತು. ಕೊಳದ ಬಳಿ ತೂಗುಹಾಕಿದ ಪ್ರಥಮ ಚಿಕಿತ್ಸೆಯ ಫಲಕವನ್ನು ಮೂರು ಮೀಟರ್ ದೂರ ನಿಂತು ಓದಿ ನೋಡಿದರು, ಬಿಸಿಲಿಗೆ ಮಾಸಿದ್ದರೆ ಅದೂ ತಪ್ಪೇ.

ಸಿವಿಲ್ ಕೆಲಸದಲ್ಲಿ ಕೂದಲು ನರೆತ ನನಗೆ ಆ ಮೂರನೆಯ ಸಲದ ಪರೀಕ್ಷೆ ಬಹಳ ಹಿಡಿಸಿತು. ಬೇಲಿ ಕಟ್ಟಿದ ದಿನ ಎಲ್ಲವೂ ಸರಿಯಾಗಿಯೇ ಇರುತ್ತದೆ. ಆಮೇಲೆ ಮಳೆಗೆ ಮಣ್ಣು ಕುಸಿದು ಕಂಬ ವಾಲುತ್ತದೆ, ಗೇಟು ಜೋಲುತ್ತದೆ, ಸ್ಪ್ರಿಂಗಿನ ಬಿಗಿ ಸಡಿಲುತ್ತದೆ, ಚಿಲಕಕ್ಕೆ ತುಕ್ಕು ಹಿಡಿಯುತ್ತದೆ. ತೋಟಕ್ಕೆಂದು ನಾಲ್ಕು ಬುಟ್ಟಿ ಮಣ್ಣು ತಂದು ಬೇಲಿಯ ಬುಡಕ್ಕೆ ಸುರಿದರೆ ಬೇಲಿ ಅಷ್ಟು ಗಿಡ್ಡವಾಯಿತು. ಇದ್ಯಾವುದೂ ದಿನಾ ನೋಡುವ ಮನೆಯವರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಹೊರಗಿನ ಕಣ್ಣು ಆಗಾಗ ಬೇಕು.

ಈ ವಿಷಯದಲ್ಲಿ ಸಿಡ್ನಿಗಿಂತ ಮೆಲ್ಬರ್ನಿನ ಕಾನೂನು ಮೇಲು ಎಂದು ನನಗೆ ಅನಿಸುತ್ತದೆ. ನ್ಯೂ ಸೌತ್ ವೇಲ್ಸಿನಲ್ಲಿ ಕೊಳವನ್ನು ಸರಕಾರದ ದಾಖಲೆಯಲ್ಲಿ ನೋಂದಾಯಿಸಲೇಬೇಕು, ಆದರೆ ಮಾರದೆ, ಬಾಡಿಗೆಗೆ ಕೊಡದೆ ಸ್ವಂತಕ್ಕೆ ಇಟ್ಟುಕೊಂಡ ಮನೆಗೆ ಪರೀಕ್ಷಕರು ವರ್ಷಗಟ್ಟಲೆ ಬಾರದೆ ಇರಬಹುದು. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 2019ರ ಡಿಸೆಂಬರಿನಿಂದ ಹೊಸ ನಿಯಮ ಬಂತು: ಮಾಲಿಕರು ನಾಲ್ಕು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ಪ್ರಮಾಣಪತ್ರವನ್ನು ಕೌನ್ಸಿಲಿಗೆ ಸಲ್ಲಿಸಬೇಕು. ನ್ಯೂಜಿಲೆಂಡಿನಲ್ಲಿ ಮೂರು ವರ್ಷಕ್ಕೊಮ್ಮೆ. ಮನೆ ಮಾರುವ ತನಕ ಕಾಯುವುದೆಂದರೆ, ಆ ಮನೆಯ ಮಕ್ಕಳು ದೊಡ್ಡವರಾಗಿ ಹೋದ ಮೇಲೆ ಗೇಟು ರಿಪೇರಿ ಮಾಡಿದಂತೆ.

ಅಲ್ಲಿಗೆ ಹೋಗುವ ನಮ್ಮ ಹಿರಿಯರಿಗೆ ಎರಡು ಮಾತು. ಹಬ್ಬದ ದಿನ ಊಟದ ತಟ್ಟೆಗಳನ್ನು ಒಳಗೆ ಹೊರಗೆ ಸಾಗಿಸುವಾಗ ಆ ಗೇಟು ಪದೇ ಪದೇ ಮುಚ್ಚಿಕೊಂಡು ಪೀಡಿಸುತ್ತದೆ. ಒಂದು ಇಟ್ಟಿಗೆ ಅಡ್ಡ ಇಟ್ಟುಬಿಡೋಣ ಅನಿಸುತ್ತದೆ. ದಯವಿಟ್ಟು ಇಡಬೇಡಿ. ತುಳಸಿ, ಕರಿಬೇವಿನ ಕುಂಡಗಳಿಗೆ ಬೇಲಿಯ ಪಕ್ಕದ ಬಿಸಿಲು ಎಷ್ಟು ಚೆನ್ನಾಗಿದ್ದರೂ ಅವಕ್ಕೆ ಬೇರೆ ಜಾಗ ಹುಡುಕಿ. ಬೇಸಿಗೆಯಲ್ಲಿ ಅಂಗಡಿಯಿಂದ ತಂದು ಗಾಳಿ ತುಂಬುವ ರಬ್ಬರಿನ ಕೊಳ ಇದೆಯಲ್ಲ, 300 ಮಿಲಿಮೀಟರಿಗಿಂತ, ಅಂದರೆ ಶಾಲೆಯ ಅಡಿಪಟ್ಟಿಗಿಂತ, ಹೆಚ್ಚು ಆಳ ನೀರು ಹಿಡಿಯುವಂತಿದ್ದರೆ ಅದಕ್ಕೂ ಬೇಲಿ ಕಡ್ಡಾಯ. ಸಿಡ್ನಿಯ ಕಡೆಯವರು ತಮ್ಮ ಮನೆಯ ಕೊಳ ನೋಂದಣಿಯಾಗಿದೆಯೇ, ಪ್ರಮಾಣಪತ್ರ ಇದೆಯೇ ಎಂದು ವಿಳಾಸ ಹಾಕಿ ಅಂತರ್ಜಾಲದಲ್ಲೇ ನೋಡಬಹುದು. ಟಿಕೆಟ್ ಕಾದಿರಿಸುವ ಮುಂಚೆ ಮಗನಿಗೋ ಮಗಳಿಗೋ ಒಂದು ಮಾತು ಕೇಳಿ.

ಆಸ್ಟ್ರೇಲಿಯಾಕ್ಕೆ ಹೋಗದವರಿಗೆ ಇದರಿಂದ ಏನು ಎನ್ನುತ್ತೀರಾ? ವಾರಾಂತ್ಯಕ್ಕೆ ಲೋಣಾವಳಾ, ಕರ್ಜತ್, ಅಲಿಬಾಗಿನ ಬಂಗಲೆಗಳಿಗೆ ಹೋಗುತ್ತೇವೆ. ಚೆನ್ನೈಯವರು ಪೂರ್ವ ಕರಾವಳಿ ರಸ್ತೆಯ ಮನೆಗಳಿಗೆ, ಹೈದರಾಬಾದಿನವರು ಊರಾಚೆಯ ಫಾರ್ಮ್‌ಹೌಸುಗಳಿಗೆ. ಜಾಹೀರಾತಿನ ಚಿತ್ರ ನೋಡಿ, ಹಜಾರದ ಗಾಜಿನ ಬಾಗಿಲು ಸರಿಸಿದರೆ ನಾಲ್ಕು ಹೆಜ್ಜೆಗೆ ನೀಲಿ ನೀರು. ಅದೇ ಅದರ ಆಕರ್ಷಣೆ, ಅದೇ ಅಪಾಯ. ಚಿಲಕ ಎಳೆದು ನೋಡುವ ಪರೀಕ್ಷಕರು ಅಲ್ಲಿಗೆ ಬರುವುದಿಲ್ಲ, ನಾವೇ ಪರೀಕ್ಷಕರಾಗಬೇಕು. ಬುಕ್ ಮಾಡುವಾಗಲೇ ಕೊಳಕ್ಕೆ ಬೇಲಿ ಇದೆಯೇ, ಗೇಟು ತಾನಾಗಿ ಮುಚ್ಚುತ್ತದೆಯೇ ಎಂದು ಕೇಳಿ. ಇಲ್ಲವೆಂದರೆ, ಚಿಕ್ಕ ಮಕ್ಕಳಿದ್ದಲ್ಲಿ ಬೇರೆ ಮನೆ ನೋಡುವುದೇ ಲೇಸು. ಹೋಗಿಯೇ ಆಯಿತೆಂದರೆ ಗಾಜಿನ ಬಾಗಿಲಿನ ಮೇಲಿನ ಅಗಳಿ ಹಾಕಿಡಿ, ಅರ್ಧ ಗಂಟೆಗೊಬ್ಬರಂತೆ ಹೆಸರು ಹೇಳಿ ಕಾವಲು ಹಂಚಿಕೊಳ್ಳಿ. "ನಾವೆಲ್ಲ ಇಲ್ಲೇ ಇದ್ದೇವಲ್ಲ" ಎನ್ನುವುದು ಕಾವಲಲ್ಲ. ಹತ್ತು ಜನ ಸೇರಿದಲ್ಲಿ ಹಾವು ಸಾಯದು ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ.

ನಮ್ಮ ಹೌಸಿಂಗ್ ಸೊಸೈಟಿಗಳ ಸಭೆಯಲ್ಲಿ ಕೊಳದ ಮಾತು ಬಂದರೆ ಸಮಯ, ಅತಿಥಿಗಳ ಶುಲ್ಕ, ಕ್ಲೋರಿನ್ನಿನ ಖರ್ಚು, ಇಷ್ಟರಲ್ಲೇ ಜಗಳ ಮುಗಿಯುತ್ತದೆ. ಎರಡಕ್ಕಿಂತ ಹೆಚ್ಚು ಮನೆಗಳು ಹಂಚಿಕೊಂಡ ಕೊಳವನ್ನು ನ್ಯೂ ಸೌತ್ ವೇಲ್ಸಿನಲ್ಲಿ ಕೌನ್ಸಿಲೇ ಮೂರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ನಮ್ಮ ಸೊಸೈಟಿಗೂ ಅದು ಅಸಾಧ್ಯದ ಕೆಲಸವೇನಲ್ಲ. ಒಂದು ಟೇಪು, ಒಂದು ಭಾನುವಾರ ಬೆಳಗ್ಗೆ, ಕಮಿಟಿಯ ಇಬ್ಬರು ಸದಸ್ಯರು ಸಾಕು. ಜೀವರಕ್ಷಕ ಇದ್ದಾನಲ್ಲ ಎಂಬ ಉತ್ತರ ಬರಬಹುದು. ಅವನು ಇರುವುದು ಕೊಳ ತೆರೆದಿರುವ ಹೊತ್ತಿನಲ್ಲಿ. ಮಧ್ಯಾಹ್ನ ಎರಡು ಗಂಟೆಗೆ, ಮಳೆಗಾಲದಲ್ಲಿ ಕೊಳ ಮುಚ್ಚಿರುವಾಗ, ಅಲ್ಲಿರುವುದು ಗೇಟು ಒಂದೇ. ವಾಚ್‌ಮನ್ನನ ಪ್ಲಾಸ್ಟಿಕ್ ಕುರ್ಚಿ ಬೇಲಿಗೆ ಒರಗಿಕೊಂಡಿದ್ದರೆ ಮೊದಲು ಅದನ್ನು ಅಲ್ಲಿಂದ ತೆಗೆಸಿ.

ಕೊನೆಗೆ ಒಂದು ಸಂಗತಿ. ಮಗು ಕಾಣಿಸುತ್ತಿಲ್ಲ ಎಂದಾಗ ನಾವು ಮೊದಲು ಮಂಚದ ಕೆಳಗೆ, ಪಕ್ಕದ ಮನೆಯಲ್ಲಿ, ಬೀದಿಯಲ್ಲಿ ಹುಡುಕುತ್ತೇವೆ. ಮೊದಲು ನೀರಿನಲ್ಲಿ ನೋಡಿ: ಕೊಳ, ನೆಲದೊಳಗಿನ ನೀರಿನ ಟಾಂಕಿ, ಊರಿನ ಮನೆಯಲ್ಲಾದರೆ ಸಂಪು, ಬಾವಿ. ಎತ್ತಿದ ಮಗು ಉಸಿರಾಡದಿದ್ದರೆ ತಲೆಕೆಳಗು ಮಾಡಿ ಅಲುಗಿಸುತ್ತಾ ಸಮಯ ಕಳೆಯಬೇಡಿ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದನ್ನೂ ಎದೆ ಒತ್ತುವುದನ್ನೂ ಕೂಡಲೇ ಶುರು ಮಾಡಬೇಕು, ಇನ್ನೊಬ್ಬರು ಫೋನ್ ಮಾಡಬೇಕು, ಇಲ್ಲಿ 112, ಆಸ್ಟ್ರೇಲಿಯಾದಲ್ಲಿ ಮೂರು ಸೊನ್ನೆ. ಇದನ್ನು ರೇಡಿಯೋದಲ್ಲಿ ಕೇಳಿ ಕಲಿಯಲಾಗುವುದಿಲ್ಲ. ತರಬೇತಿ ಕೊಡುವವರನ್ನು ಸಂಘಕ್ಕೋ ಸೊಸೈಟಿಗೋ ಒಂದು ದಿನ ಕರೆಸಿ, ಅಜ್ಜ ಅಜ್ಜಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ.